ತಬಲಾದವರ ಕಣ್ಣು

ಹೆಡ್‌ಫೋನ್ ಹಾಕ್ಕೊಂಡು ಹಾಡು ಕೇಳೋದಿದೆಯಲ್ಲ, ಅದರಷ್ಟು ಸುಲಭದ ಪ್ರೀತಿ ಇನ್ನೊಂದಿಲ್ಲ. ಸಿಲ್ಕ್ ಬೋರ್ಡ್ ಹತ್ತಿರ ಕಂಪನಿ ಬಸ್ಸು ನಿಂತಲ್ಲೇ ನಿಂತಿರುತ್ತೆ, ಕಿವಿಯೊಳಗೆ ಒಬ್ಬರು ನಮಗೊಬ್ಬರಿಗೇ ಅನ್ನೋ ಹಾಗೆ ಹಾಡ್ತಿರ್ತಾರೆ. ಬೇಕು ಅಂದಾಗ ಹಾಡಬೇಕು, ಸಾಕು ಅಂದಾಗ ನಿಲ್ಲಿಸಬೇಕು, ಮ್ಯಾನೇಜರ್ ಫೋನ್ ಬಂದರೆ ಅರ್ಧ ಸಾಲಿನಲ್ಲೇ ಸುಮ್ಮನಾಗಬೇಕು. ಅವರಿಗೆ ನೆಗಡಿ ಆಗೋದಿಲ್ಲ, ಉಸಿರು ಸಾಲದೆ ಬರೋದಿಲ್ಲ, ವಯಸ್ಸಂತೂ ಆಗೋದೇ ಇಲ್ಲ. ನಲವತ್ತು ವರ್ಷದ ಹಿಂದೆ ಯಾವುದೋ ಸ್ಟುಡಿಯೋದಲ್ಲಿ ನಿಂತು ಹಾಡಿದ ಆ ಒಂದು ಮಧ್ಯಾಹ್ನದಲ್ಲೇ ಅವರು ಇನ್ನೂ ನಿಂತಿದ್ದಾರೆ.

ಅದೇ ಮನುಷ್ಯನನ್ನ ವೇದಿಕೆ ಮೇಲೆ ಎದುರಿಗೆ ನೋಡಿದಾಗ ಈ ಸುಖ ಎಲ್ಲಾ ಕೆಡುತ್ತೆ. ಕೆಡೋದೇ ಒಳ್ಳೇದು ಅಂತ ನನ್ನ ವಾದ. ಯಾಕೆ ಅಂತ ಹೇಳೋದಕ್ಕೆ ನಿಮ್ಮನ್ನ ಸ್ವಲ್ಪ ಹೊತ್ತು ಭದ್ರಾವತಿಗೆ ಕರ್ಕೊಂಡು ಹೋಗಬೇಕು.

ಆಫೀಸಿನಲ್ಲಿ ಹೊಸಬರು ತಂಡಕ್ಕೆ ಸೇರಿದ ದಿನ ಎಲ್ಲರನ್ನೂ ಸುತ್ತ ಕೂರಿಸಿ ಒಂದು ಪ್ರಶ್ನೆ ಕೇಳ್ತಾರೆ, ನಿಮ್ಮ ಫೇವರಿಟ್ ಆರ್ಟಿಸ್ಟ್ ಯಾರು ಅಂತ. ಒಬ್ಬ ಕೋಲ್ಡ್‌ಪ್ಲೇ ಅಂತಾನೆ, ಒಬ್ಬಳು ಅರಿಜಿತ್ ಸಿಂಗ್ ಅಂತಾಳೆ, ಇನ್ನೊಬ್ಬ ರೆಹಮಾನ್ ಬಿಟ್ಟು ಬೇರೆ ದೇವರಿಲ್ಲ ಅಂತಾನೆ. ನನ್ನ ಸರದಿ ಬಂದಾಗ ನಾನು ಶಿವಮೊಗ್ಗ ಸುಬ್ಬಣ್ಣ ಅಂತೀನಿ. ಒಂದು ಸಲ ಉತ್ತರದ ಕಡೆಯ ಹುಡುಗನೊಬ್ಬ ಬಹಳ ಆಸಕ್ತಿಯಿಂದ, ಅದು ಬ್ಯಾಂಡಾ, ಒಬ್ಬರೇನಾ ಅಂತ ಕೇಳಿದ. ಒಬ್ಬರೇ, ಲಾಯರು ಅಂದೆ. ಅವನು ಇನ್ನೂ ಗೊಂದಲಕ್ಕೆ ಬಿದ್ದ.

ನಿಜವಾಗ್ಲೂ ಲಾಯರೇ. ಹೊಸನಗರ ತಾಲ್ಲೂಕಿನ ನಗರದಲ್ಲಿ, ಅಂದರೆ ಕೆಳದಿ ಅರಸರ ಹಳೇ ಬಿದನೂರಿನಲ್ಲಿ, 1938ರಲ್ಲಿ ಹುಟ್ಟಿದವರು. ಹೆಸರು ಸುಬ್ರಹ್ಮಣ್ಯ. ಕಾನೂನು ಓದಿ ವಕೀಲಿಕೆ ಮಾಡುತ್ತಲೇ ರೇಡಿಯೋದಲ್ಲಿ ಹಾಡಿದರು, ವೇದಿಕೆಗಳಲ್ಲಿ ಹಾಡಿದರು. ಚಂದ್ರಶೇಖರ ಕಂಬಾರರು ಬರೆದು, ರಾಗ ಹಾಕಿ, ತಾವೇ ನಿರ್ದೇಶಿಸಿದ 'ಕಾಡು ಕುದುರೆ' ಸಿನಿಮಾಗೆ ಅದೇ ಹೆಸರಿನ ಹಾಡು ಹಾಡಿ, ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಅನ್ನಿಸಿಕೊಂಡರು. ಆ ಸಿನಿಮಾ ನಾನು ನೋಡಿದ್ದು ಎಷ್ಟೋ ವರ್ಷ ಆದ ಮೇಲೆ. ಆದ್ರೆ ಆ ಹಾಡು ನನಗೆ ಯಾವಾಗ ಗೊತ್ತಾಯ್ತು ಅಂತ ನೆನಪಿಲ್ಲ. ಅಂಗಳದ ತೆಂಗಿನಮರ ಯಾವಾಗ ಗೊತ್ತಾಯ್ತು ಅಂತ ಯಾರಿಗಾದ್ರೂ ನೆನಪಿರುತ್ತಾ?

ಅದಕ್ಕೆ ಕಾರಣ ಆಕಾಶವಾಣಿ ಭದ್ರಾವತಿ. 1965ರಿಂದ ನಮ್ಮ ಕಡೆಯ ಗಾಳಿಯಲ್ಲಿ ಇರೋ ಧ್ವನಿ ಅದು. 675 ಕಿಲೋಹರ್ಟ್ಸ್. ಈಗ ಎಫ್‌ಎಂ 103.5 ಅಂತ ಹೇಳ್ತಾರೆ, ಆದ್ರೆ ನಮ್ಮ ಮನೆಯ ರೇಡಿಯೋದ ಮುಳ್ಳು ಎಷ್ಟು ವರ್ಷ ಒಂದೇ ಜಾಗದಲ್ಲಿತ್ತು ಅಂದ್ರೆ, ಆಮೇಲೆ ತಿರುಗಿಸೋಕೆ ಹೋದಾಗ ತಿರುಗಲೇ ಇಲ್ಲ. ನಮ್ಮದು ಭದ್ರಾವತಿಯಿಂದ ಬಸ್ಸು ಹತ್ತಿ, ಇಳಿದ ಮೇಲೂ ಒಂದೆರಡು ಮೈಲಿ ನಡೆಯಬೇಕಾದ ಹಳ್ಳಿ. ಬೆಳಿಗ್ಗೆ ಕೊಟ್ಟಿಗೆ ಕೆಲಸದ ಹೊತ್ತಿಗೆ ಭಾವಗೀತೆ, ಸಂಜೆ ಕೃಷಿರಂಗ, ರಾತ್ರಿ ಊಟದ ಹೊತ್ತಿಗೆ ಚಿತ್ರಗೀತೆ. ಹಾಡು ಬಂದಾಗ ಕೇಳಬೇಕು. ಅಮ್ಮ ಒಲೆ ಊದುವಾಗ ಬಂದರೆ ಅರ್ಧ ಕೇಳಿಸುತ್ತೆ. ಮತ್ತೆ ಯಾವಾಗ ಬರುತ್ತೋ ಯಾರಿಗೂ ಗೊತ್ತಿಲ್ಲ.

ಆ ರೇಡಿಯೋ ಒಂದು ಉಪಕಾರ ಮಾಡ್ತಿತ್ತು. ಪ್ರತಿ ಹಾಡಿಗೂ ಮುಂಚೆ ರಚನೆ ಇಂಥವರದು, ಸಂಯೋಜನೆ ಇಂಥವರದು, ಹಾಡಿದವರು ಇಂಥವರು ಅಂತ ಹೇಳಿಯೇ ಹಾಡು ಹಾಕ್ತಿದ್ರು. ಹಾಗಾಗಿ ಹತ್ತು ವರ್ಷದ ಹುಡುಗನಿಗೆ ಮೈಸೂರು ಅನಂತಸ್ವಾಮಿ ಬೇರೆ, ಸಿ. ಅಶ್ವತ್ಥ್ ಬೇರೆ ಅಂತ ಗೊತ್ತಿತ್ತು. ಕುಪ್ಪಳಿಯ ಕುವೆಂಪು, ಶಿಕಾರಿಪುರದ ಈಸೂರಿನ ಜಿ.ಎಸ್. ಶಿವರುದ್ರಪ್ಪ, ಶಿವಮೊಗ್ಗದ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟ, ಇವರೆಲ್ಲ ನಮ್ಮ ಜಿಲ್ಲೆಯವರೇ ಅಂತ ಅಪ್ಪ ಒಂದು ಗತ್ತಿನಲ್ಲಿ ಹೇಳ್ತಿದ್ರು, ಏನೋ ತಾವೇ ಬರೆಸಿದ ಹಾಗೆ. ಈಗಿನ ಆ್ಯಪ್‌ಗಳಲ್ಲಿ ಹಾಡಿನ ಕೆಳಗೆ ಒಂದು ಹೆಸರು ಇರುತ್ತೆ. ಕವಿ ಯಾರು ಅಂತ ಹುಡುಕಬೇಕು. ತಬಲಾ ಯಾರು ಅಂತ ಕೇಳಲೇಬೇಡಿ.

ಹಾಡು ಅನ್ನೋದನ್ನ ಕಣ್ಣಿಂದ ಮೊದಲು ನೋಡಿದ್ದು ಓಲ್ಡ್ ಟೌನಿನಲ್ಲಿ. ಸರ್ಕಾರಿ ಕಾಗದದಲ್ಲಿ ಹಳೇನಗರ, ಜನರ ಬಾಯಲ್ಲಿ ಓಲ್ಡ್ ಟೌನ್. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ ಇರೋದು ಇಲ್ಲೇ. ಭದ್ರಾವತಿಗೆ ಹಿಂದೆ ಬೆಂಕಿಪುರ ಅಂತ ಹೆಸರಿತ್ತು. 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಳ್ಳುವ ಮುಂಚೆಯೇ ಹೆಸರಿನಲ್ಲಿ ಬೆಂಕಿ ಇಟ್ಟುಕೊಂಡು ಕೂತಿದ್ದ ಊರು. ಕಾರ್ಖಾನೆ ಬಂದ ಮೇಲೆ ನ್ಯೂ ಟೌನ್ ಆಯ್ತು, ಕಾಗದದ ಕಾರ್ಖಾನೆ ಬಂದ ಮೇಲೆ ಪೇಪರ್ ಟೌನ್ ಆಯ್ತು, ಅಲ್ಲೀವರೆಗೆ ಬರೀ ಊರಾಗಿದ್ದದ್ದು ಓಲ್ಡ್ ಟೌನ್ ಆಯ್ತು.

ನನ್ನ ಸೋದರಮಾವ ಅಲ್ಲೇ ಬಾಡಿಗೆ ಮನೆಯಲ್ಲಿದ್ರು. ಕಬ್ಬಿಣದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ, ರಜೆಯಿದ್ದ ರಾತ್ರಿ ಆರ್ಕೆಸ್ಟ್ರಾದಲ್ಲಿ ಹಾಡು. ಗಣಪತಿ ಹಬ್ಬದಿಂದ ರಾಜ್ಯೋತ್ಸವದವರೆಗೆ ಭದ್ರಾವತಿಯಲ್ಲಿ ಆರ್ಕೆಸ್ಟ್ರಾದವರಿಗೆ ಪುರುಸೊತ್ತಿರುತ್ತಿರಲಿಲ್ಲ. ಕಾರ್ಖಾನೆಗೆ ನಾಡಿನ ಎಲ್ಲಾ ಕಡೆಯಿಂದ ಜನ ಬಂದಿದ್ರಲ್ಲ, ಒಂದೇ ಪೆಂಡಾಲಿನಲ್ಲಿ ಕನ್ನಡ, ತಮಿಳು, ತೆಲುಗು, ಹಿಂದಿ ಎಲ್ಲವೂ ನಡೀಬೇಕು. ಮಾವ ನಾಲ್ಕೂ ಭಾಷೆಯಲ್ಲಿ ಹಾಡ್ತಿದ್ರು, ನಾಲ್ಕರಲ್ಲೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಥರಾನೇ. 'ನಾಗರಹಾವು', 'ಆಟೋರಾಜ', 'ಪ್ರೇಮಲೋಕ', ಯಾವ ಸಿನಿಮಾದ ಹಾಡಾದ್ರೂ ಸರಿ. ಪೋಸ್ಟರ್ ಮೇಲೆ ಅವರ ಹೆಸರಿನ ಮುಂದೆ ಜೂನಿಯರ್ ಎಸ್ಪಿಬಿ ಅಂತ ಹಾಕ್ತಿದ್ರು. ಅತ್ತೆ ಮಾತ್ರ, ಸೀನಿಯರ್ ಆಗೋಕೆ ಇನ್ನೆಷ್ಟು ವರ್ಷ ಸರ್ವೀಸ್ ಬೇಕಂತೆ ಅಂತ ರೇಗಿಸ್ತಿದ್ರು.

ನಾನು ವೇದಿಕೆ ಪಕ್ಕದಲ್ಲಿ, ಜನರೇಟರಿನ ಸದ್ದಿಗೆ ಸ್ವಲ್ಪ ದೂರ, ಸೌಂಡ್ ಬಾಕ್ಸಿಗೆ ಸ್ವಲ್ಪ ಹತ್ತಿರ ಕೂರ್ತಿದ್ದೆ. ಅಲ್ಲಿಂದ ಎಲ್ಲಾ ಕಾಣ್ತಿತ್ತು. ಕೀಬೋರ್ಡಿನವರು ಮುಂದಿನ ಹಾಡಿನ ಸ್ಕೇಲ್ ಏನು ಅಂತ ಬೆರಳಲ್ಲಿ ತೋರಿಸೋದು, ರಿದಮ್ ಪ್ಯಾಡಿನವನು ಒಂದು ಕೈಯಲ್ಲಿ ಬಾರಿಸ್ತಾ ಇನ್ನೊಂದು ಕೈಯಲ್ಲಿ ಟೀ ಕುಡಿಯೋದು, ಜನ ಹತ್ತು ರೂಪಾಯಿ ನೋಟಿಗೆ ಚೀಟಿ ಸುತ್ತಿ ಇಂಥ ಹಾಡು ಬೇಕು ಅಂತ ಕಳಿಸೋದು, ಅದನ್ನ ಓದಿ ಮಾವ ಮುಖ ಹುಳ್ಳಗೆ ಮಾಡ್ಕೊಂಡು ಆಮೇಲೆ ನಗುತ್ತಾ ಮೈಕ್ ಹಿಡಿಯೋದು. ರೇಡಿಯೋದಲ್ಲಿ ಹಾಡು ಆಕಾಶದಿಂದ ಇಳಿದು ಬರ್ತಿತ್ತು. ಇಲ್ಲಿ ಏಳೆಂಟು ಜನ ಬೆವರು ಸುರಿಸಿ ಅದನ್ನ ಎತ್ತಿ ಹಿಡೀತಿದ್ರು. ಯಾರಾದ್ರೂ ಒಬ್ಬ ಕೈ ಬಿಟ್ಟರೆ ಬೀಳುತ್ತೆ ಅನ್ನೋ ಹಾಗೆ. ಒಂದೊಂದು ಸಲ ಬೀಳ್ತಿತ್ತು ಕೂಡ. ಹಿಂದಿನ ಸಾಲಿನಿಂದ ಸಿಳ್ಳೆ ಬರ್ತಿತ್ತು, ಮಾವ ಮೈಕಿನಲ್ಲೇ 'ಕ್ಷಮಿಸಿ' ಅಂತ ಮತ್ತೆ ಪಲ್ಲವಿಯಿಂದ ಶುರು ಮಾಡ್ತಿದ್ರು.

ಎಂಥಾ ಚೀಟಿ ಬಂದರೂ ಮಾವ ಇಲ್ಲ ಅನ್ನುತ್ತಿರಲಿಲ್ಲ. ಆದ್ರೆ 'ಕಾಡು ಕುದುರೆ' ಹಾಡು ಬೇಕು ಅಂತ ಯಾರೋ ಕಳಿಸಿದ್ದನ್ನ ಮಾತ್ರ ಓದಿ ಜೇಬಿಗೆ ಹಾಕ್ಕೊಂಡುಬಿಟ್ರು. ಮನೆಗೆ ಹೋಗುವಾಗ ಕೇಳಿದೆ.

"ಮಾವ, ಅದನ್ಯಾಕೆ ಹಾಡ್ಲಿಲ್ಲ?"

"ಅದು ಆಗಲ್ಲ ಮಾರಾಯ. ಎಸ್ಪಿಬಿ ಥರ ಹಾಡಬಹುದು. ಆ ದನಿ ಬೆಣ್ಣೆ ಇದ್ದಂಗೆ, ಎತ್ಲಾಗೆ ಬೇಕಾದ್ರೂ ಬಗ್ಗುತ್ತೆ. ಸುಬ್ಬಣ್ಣಂದು ಹಂಗಲ್ಲ. ಆ ಎತ್ತರಕ್ಕೆ ಸೀದಾ ಹೋಗಿ ಅಲ್ಲೇ ನಿಲ್ತಾರೆ. ನಾನು ಹೋದ್ರೆ ಅಲ್ಲಿಂದ ಬೀಳೋದೇ ಗತಿ."

ಸುಬ್ಬಣ್ಣನ ದನಿ ಕೇಳಿದವರಿಗೆ ಮಾವನ ಮಾತು ಅರ್ಥವಾಗುತ್ತೆ. ಕುವೆಂಪು ಅವರ 'ಬಾರಿಸು ಕನ್ನಡ ಡಿಂಡಿಮವ' ಅವರು ಹಾಡಿದ್ದನ್ನ ಒಮ್ಮೆ ಹಾಕಿ ಕೇಳಿ. ಕಂಚಿನ ಗಂಟೆ ಹೊಡೆದ ಹಾಗಿರುತ್ತೆ. ಭಾವಗೀತೆ ಅಂದ್ರೆ ಮೆತ್ತಗೆ, ಕಿವಿಯಲ್ಲಿ ಪಿಸುಗುಟ್ಟೋದು ಅಂತ ಅಂದುಕೊಂಡವರಿಗೆ ಅದು ಒಂದು ಏಟು.

2009ರ ಡಿಸೆಂಬರ್ 29ರಂದು ಸಿ. ಅಶ್ವತ್ಥ್ ತೀರಿಕೊಂಡರು. ಅವತ್ತು ಅವರ ಹುಟ್ಟುಹಬ್ಬವೂ ಹೌದು, 70 ತುಂಬಿದ ದಿನ. ನಾನು ಇಂಜಿನಿಯರಿಂಗ್ ಓದ್ತಿದ್ದೆ. ಅಶ್ವತ್ಥ್ ಅವರನ್ನ ಎದುರಿಗೆ ಕೇಳೋ ಭಾಗ್ಯ ನನಗೂ ಬರಲಿಲ್ಲ, ಮಾವನಿಗೂ ಬರಲಿಲ್ಲ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರ 'ಕನ್ನಡವೇ ಸತ್ಯ' ಕಾರ್ಯಕ್ರಮ ನಡೆದಾಗ, ಸಿನಿಮಾ ತಾರೆಯರಿಗೆ ಸೇರೋ ಹಾಗೆ ಜನ ಕವಿತೆ ಕೇಳೋಕೆ ಸೇರಿದ್ರು. ಮಾವನಿಗೆ ಆ ದಿನ ರಜೆ ಸಿಕ್ಕಿರಲಿಲ್ಲ. ಆಮೇಲೆ ವಿಡಿಯೋದಲ್ಲಿ ಎಷ್ಟು ಸಲ ನೋಡಿದ್ರೋ ಲೆಕ್ಕ ಇಲ್ಲ.

ಅಶ್ವತ್ಥ್ ಹೋದ ಮೇಲೆ ಮಾವನಿಗೆ ಒಂದು ಅವಸರ ಹತ್ತಿತು. ಕೆಲವು ತಿಂಗಳು ಕಳೆದು ಶಿವಮೊಗ್ಗದ ಕುವೆಂಪು ರಂಗಮಂದಿರದಲ್ಲಿ ಸುಗಮ ಸಂಗೀತ, ಸುಬ್ಬಣ್ಣ ಬರ್ತಾರೆ ಅಂತ ಪೇಪರಿನಲ್ಲಿ ಎರಡು ಸಾಲು ಬಂತು. ಮಾವ ಶಿಫ್ಟ್ ಬದಲಾಯಿಸಿಕೊಂಡರು, ನನ್ನನ್ನ ಹಾಸ್ಟೆಲಿನಿಂದ ಕರೆಸಿದರು. ಓಲ್ಡ್ ಟೌನಿನಿಂದ ಶಿವಮೊಗ್ಗಕ್ಕೆ ಹೆಚ್ಚೆಂದರೆ 20 ಕಿಲೋಮೀಟರ್. ಅರ್ಧ ಗಂಟೆಗೆ ತಲುಪೋ ದಾರಿಗೆ ಮಾವ ಎರಡೂವರೆ ಗಂಟೆ ಮುಂಚೆ ಹೊರಟರು. ಇಸ್ತ್ರಿ ಮಾಡಿದ ಬಿಳಿ ಶರ್ಟು. ತಾವು ಹಾಡೋಕೆ ಹೋಗುವಾಗ ಹಾಕ್ಕೊಳ್ಳೋ ಮಿಂಚಿನ ಶರ್ಟಲ್ಲ, ಮದುವೆಗೆ ಹಾಕ್ಕೊಳ್ಳೋ ಶರ್ಟು.

ಪರದೆ ಸರಿದಾಗ ಕಂಡದ್ದು ಒಬ್ಬ ಹಿರಿಯರು. ಎಪ್ಪತ್ತು ದಾಟಿದವರು. ನನ್ನ ತಲೆಯೊಳಗಿದ್ದ ಸುಬ್ಬಣ್ಣನಿಗೆ ವಯಸ್ಸೇ ಇರಲಿಲ್ಲ. ಆ ದನಿಗೆ ನಾನು ಒಂದು ದೊಡ್ಡ ಆಳು, ದಪ್ಪ ಮೀಸೆ ಎಲ್ಲಾ ಕಲ್ಪಿಸಿಕೊಂಡಿದ್ದೆ. ಎದುರಿಗೆ ಕೂತವರು ನಮ್ಮ ಊರಿನ ಯಾವ ಮನೆಯ ಜಗಲಿ ಮೇಲಾದ್ರೂ ಕಾಣಬಹುದಾದ ಅಜ್ಜ. ಮೊದಲ ಎರಡು ಹಾಡು ನಾನು ಕೇಳಲೇ ಇಲ್ಲ ಅನ್ನಿ, ಬರೀ ನೋಡ್ತಿದ್ದೆ. ಈ ಬಾಯಿಯಿಂದಲೇನಾ ಅದು ಬಂದದ್ದು ಅಂತ.

'ಕಾಡು ಕುದುರೆ' ಶುರುವಾದಾಗ ಸಭೆಯಲ್ಲಿ ಒಂದು ಸದ್ದು ಎದ್ದಿತು. ಚಪ್ಪಾಳೆ ಅಲ್ಲ, ಎಲ್ಲರೂ ಒಟ್ಟಿಗೆ ನೆಟ್ಟಗೆ ಕೂತ ಸದ್ದು. ರೇಡಿಯೋದಲ್ಲಿ ನಾನು ನೂರು ಸಲ ಕೇಳಿದ ಹಾಡು, ಆದ್ರೆ ಶ್ರುತಿ ಸ್ವಲ್ಪ ಕೆಳಗಿತ್ತು, ನಡೆ ಸ್ವಲ್ಪ ನಿಧಾನ ಇತ್ತು. ಆ ಎತ್ತರದ ಜಾಗ ಹತ್ತಿರ ಬರ್ತಾ ಬರ್ತಾ ನನ್ನ ಕೈ ತಾನಾಗೇ ಕುರ್ಚಿ ಹಿಡ್ಕೊಂಡಿತು. ಹೆಡ್‌ಫೋನಿನಲ್ಲಿ ಕೇಳುವಾಗ ಅಲ್ಲಿ ಏನಾಗುತ್ತೆ ಅಂತ ಗೊತ್ತೇ ಇರುತ್ತೆ. ಎಷ್ಟು ಸಲ ಹಾಕಿದರೂ ಅವರು ಹೋಗೇ ಹೋಗ್ತಾರೆ. ಇಲ್ಲಿ ಗೊತ್ತಿರಲಿಲ್ಲ. ನಮಗೂ ಗೊತ್ತಿಲ್ಲ, ಬಹುಶಃ ಅವರಿಗೂ ಗೊತ್ತಿಲ್ಲ. ಅವರು ಒಂದು ಗಳಿಗೆ ನಿಂತರು, ಉಸಿರು ತಗೊಂಡರು, ಹೋದರು. ಧ್ವನಿಯ ಅಂಚಿನಲ್ಲಿ ಸ್ವಲ್ಪ ಮರಳು ಇತ್ತು, ಆದ್ರೆ ನಿಂತಿತು. ಸೀದಾ ಹೋಗಿ ಅಲ್ಲೇ ನಿಂತಿತು.

ಪಕ್ಕಕ್ಕೆ ತಿರುಗಿದರೆ ಮಾವ ತಲೆ ಬಗ್ಗಿಸಿ ಕೂತಿದ್ರು.

ಕಾರ್ಯಕ್ರಮ ಮುಗಿದ ಮೇಲೆ ಜನ ವೇದಿಕೆ ಕಡೆ ಹೋದರು, ಕಾಲಿಗೆ ನಮಸ್ಕಾರ ಮಾಡಿದರು, ಫೋಟೋ ತೆಗೆಸಿಕೊಂಡರು. ನಡೀರಿ ಮಾವ, ನಾವೂ ಹೋಗೋಣ ಅಂದೆ. ಬೇಡ ಕಣೋ, ಹೋಗಿ ಏನಂತ ಹೇಳ್ಲಿ ಅಂದ್ರು. ಮೂವತ್ತು ವರ್ಷದ ಪ್ರೀತಿ ಅದು. ಎರಡು ನಿಮಿಷದಲ್ಲಿ ಹೇಳಿ ಮುಗಿಸೋದು ಅವರಿಗೆ ಇಷ್ಟ ಇರಲಿಲ್ಲ ಅಂತ ಈಗ ಅನ್ನಿಸುತ್ತೆ.

ವಾಪಸ್ ಬರೋ ಬಸ್ಸಿನಲ್ಲಿ ಬಹಳ ಹೊತ್ತು ಮಾತಿಲ್ಲ. ಊರು ಹತ್ತಿರ ಬಂದಾಗ ಅವರೇ ಕೇಳಿದರು.

"ತಬಲಾದವರನ್ನ ನೋಡಿದ್ಯೇನೋ?"

"ಇಲ್ಲ, ಸುಬ್ಬಣ್ಣನ್ನೇ ನೋಡ್ತಿದ್ದೆ."

"ಎತ್ತರಕ್ಕೆ ಹೋಗೋ ಮುಂಚೆ ಅವರು ಉಸಿರು ತಗೊಂಡ್ರಲ್ಲ, ಆಗ ಆ ಪುಣ್ಯಾತ್ಮ ಒಂದು ಆವರ್ತ ಜಾಸ್ತಿ ನುಡಿಸ್ದ. ಯಾರಿಗೂ ಗೊತ್ತಾಗ್ದಂಗೆ. ಹಾಡಿನ ಪೂರ್ತಿ ಕಣ್ಣು ತಬಲಾ ಮೇಲೆ ಇರ್ಲಿಲ್ಲ ಅವಂದು, ಅವರ ಕುತ್ತಿಗೆ ಮೇಲೆ ಇತ್ತು. ಉಸಿರು ಎಲ್ಲಿ ಸಾಲಲ್ಲ ಅಂತ ಅವರಿಗಿಂತ ಮುಂಚೆ ಅವನಿಗೆ ಗೊತ್ತಾಗ್ತಿತ್ತು."

ಈ ಬರಹದಲ್ಲಿ ನನಗೆ ಹೇಳಬೇಕಾಗಿರೋದು ಇಷ್ಟೇ. ಕ್ಯಾಸೆಟ್ಟಿನಲ್ಲಿ ಹಾಡು ಸಿಗುತ್ತೆ, ಆ ಹಾಡನ್ನ ಯಾರು ಯಾರು ಹೆಗಲು ಕೊಟ್ಟು ಹೊತ್ತಿದ್ದಾರೆ ಅನ್ನೋದು ಸಿಗೋದಿಲ್ಲ. ಆ ಒಂದು ಆವರ್ತ ಯಾವ ರೆಕಾರ್ಡಿನಲ್ಲೂ ಇಲ್ಲ. ಆ ದಿನ, ಆ ಹೊತ್ತಿಗೆ, ಒಬ್ಬ ಹಿರಿಯರ ಉಸಿರಿಗೋಸ್ಕರ ಒಬ್ಬ ತಬಲಾ ವಾದಕ ಕೊಟ್ಟದ್ದು ಅದು. ನಮಗೆ ಇಷ್ಟದ ಗಾಯಕರು ಮನುಷ್ಯರು ಅನ್ನೋದು, ಅವರಿಗೂ ಆಸರೆ ಬೇಕಾಗುತ್ತೆ ಅನ್ನೋದು, ಆ ಆಸರೆ ಕೊಡುವವರು ಪಕ್ಕದಲ್ಲೇ ಕೂತಿರ್ತಾರೆ ಅನ್ನೋದು ಎದುರಿಗೆ ಕೂತರೆ ಮಾತ್ರ ಕಾಣುತ್ತೆ. ಅಲ್ಲೀವರೆಗೆ ನಾನು ಸುಬ್ಬಣ್ಣನ ದನಿಯನ್ನ ಮೆಚ್ಚಿದ್ದೆ. ಆ ರಾತ್ರಿಯಿಂದ ಸುಬ್ಬಣ್ಣನ ಬಗ್ಗೆ ಅಕ್ಕರೆ ಹುಟ್ಟಿತು.

ಬೆಂಗಳೂರಿಗೆ ಬಂದ ಮೇಲೆ ದುಡ್ಡು ಬಂತು, ಲೈವ್ ಕಾರ್ಯಕ್ರಮಗಳೂ ಸಿಕ್ಕವು. ಸಾವಿರಗಟ್ಟಲೆ ಕೊಟ್ಟು ಟಿಕೆಟ್ ತಗೊಂಡಿದ್ದೀನಿ, ಬುಕಿಂಗ್ ಶುರುವಾಗೋ ನಿಮಿಷಕ್ಕೆ ಮೂರು ಲ್ಯಾಪ್‌ಟಾಪ್ ಇಟ್ಕೊಂಡು ಕೂತಿದ್ದೀನಿ. ಅದನ್ನ ಹಳ್ಳಿ ಹುಡುಗನ ಠೀವಿಯಲ್ಲಿ ಹೀಗಳೆಯೋದಕ್ಕೆ ನನಗೆ ಮನಸ್ಸಿಲ್ಲ. ಅಲ್ಲೂ ಜನ ಪ್ರೀತಿಯಿಂದಲೇ ಬಂದಿರ್ತಾರೆ. ಆದ್ರೆ ಎಲ್ಲರೂ ಫೋನ್ ಎತ್ತಿ ಹಿಡ್ಕೊಂಡು, ಎದುರಿಗಿರೋ ಮನುಷ್ಯನನ್ನ ಮತ್ತೆ ರೆಕಾರ್ಡಿಂಗ್ ಮಾಡಿಕೊಳ್ಳೋ ತರಾತುರಿಯಲ್ಲಿರ್ತಾರೆ. ಹಾಡು ಆಲ್ಬಮ್ಮಿನಲ್ಲಿದ್ದ ಹಾಗೇ ಬರಲಿಲ್ಲ ಅಂತ ವಾಪಸ್ ಬರೋ ಮೆಟ್ರೋದಲ್ಲಿ ದೂರ್ತಾರೆ. 2016ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಬಾಬ್ ಡಿಲನ್ ತಮ್ಮ ಹಳೇ ಹಾಡುಗಳನ್ನ ವೇದಿಕೆ ಮೇಲೆ ಎಷ್ಟು ಬದಲಾಯಿಸಿ ಹಾಡ್ತಾರೆ ಅಂದ್ರೆ, ಎರಡು ಸಾಲು ಕಳೆಯೋ ತನಕ ಅದು ಯಾವ ಹಾಡು ಅಂತ ಅಭಿಮಾನಿಗಳಿಗೇ ಗೊತ್ತಾಗೋದಿಲ್ಲ. ಇಪ್ಪತ್ತರ ಹರೆಯದಲ್ಲಿ ಹಾಡಿದ್ದನ್ನ ಎಂಬತ್ತರಲ್ಲಿ ಹಾಗೇ ಹಾಡು ಅಂತ ಕೇಳೋದಕ್ಕೆ ನಾವು ಯಾರು ಅಲ್ವಾ?

ಒಂದು ಸಲ ರಘು ದೀಕ್ಷಿತ್ ಕಾರ್ಯಕ್ರಮಕ್ಕೆ ಹೋಗಿದ್ದೆ. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ಕೈಯಲ್ಲಿ ಗಿಟಾರು. ಶಿಶುನಾಳ ಷರೀಫರ 'ಲೋಕದ ಕಾಳಜಿ' ಶುರುವಾಯ್ತು. ಕೊರಳಲ್ಲಿ ಇನ್ನೂ ಕಂಪನಿ ಐಡಿ ಕಾರ್ಡ್ ನೇತಾಡ್ತಿದ್ದ ಹುಡುಗರು ಹುಚ್ಚೆದ್ದು ಕುಣಿದರು. ಪಕ್ಕದಲ್ಲಿದ್ದ ಒಬ್ಬಳಿಗೆ ಕನ್ನಡ ಬರ್ತಿರಲಿಲ್ಲ, ಆದ್ರೂ ಪಲ್ಲವಿ ಬಾಯಿಪಾಠ. ಷರೀಫರು ತೀರಿಕೊಂಡದ್ದು 1889ರಲ್ಲಿ. ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ಜನರ ನಾಲಿಗೆ ಮೇಲಿದ್ದ ಆ ತತ್ವಪದಗಳನ್ನ ಕಲೆ ಹಾಕಿ ಪುಸ್ತಕ ಮಾಡಿದವರಲ್ಲಿ ನಮ್ಮ ಶಿವಮೊಗ್ಗದ ಲಕ್ಷ್ಮೀನಾರಾಯಣ ಭಟ್ಟರು ಒಬ್ಬರು, ಅದಕ್ಕೇ ಅವರಿಗೆ ಷರೀಫ ಭಟ್ಟರು ಅಂತ ಹೆಸರು ಬಿತ್ತು. ಅಶ್ವತ್ಥ್ ಅವಕ್ಕೆ ದನಿ ಕೊಟ್ಟು ಮನೆಮನೆಗೆ ತಂದರು. ಈಗ ಇದು. ಆ ಗದ್ದಲದ ನಡುವೆಯೂ ನನ್ನ ಕಣ್ಣು ತಾನಾಗೇ ಡ್ರಮ್ಸಿನವರ ಕಡೆ ಹೋಯ್ತು. ಅವರು ಯಾರನ್ನ ನೋಡ್ತಿದ್ದಾರೆ ಅಂತ. ರಘು ಅವರನ್ನೇ ನೋಡ್ತಿದ್ರು. ನನಗೆ ಟಿಕೆಟ್ಟಿನ ದುಡ್ಡು ಅಲ್ಲೇ ವಾಪಸ್ ಬಂತು.

2020ರಲ್ಲಿ ಎಲ್ಲಾ ನಿಂತಿತು. ಪೆಂಡಾಲ್ ಇಲ್ಲ, ಆರ್ಕೆಸ್ಟ್ರಾ ಇಲ್ಲ. ಸೆಪ್ಟೆಂಬರ್ 25ಕ್ಕೆ ಎಸ್ಪಿಬಿ ತೀರಿಕೊಂಡರು. ನಾನು ಮಾವನಿಗೆ ಫೋನ್ ಮಾಡಿದೆ. ಅತ್ತೆ ಎತ್ತಿದರು. "ಬೆಳಿಗ್ಗೆಯಿಂದ ಟೀವಿ ಮುಂದೆ ಕೂತಿದಾರಪ್ಪ. ಊಟ ಮಾಡಿಲ್ಲ. ಮಾತಾಡು ಅಂದ್ರೆ ದನಿ ಹೊರಡ್ತಿಲ್ಲ ಅಂತಾರೆ" ಅಂದ್ರು. ನನಗೆ ಏನು ಹೇಳಬೇಕು ಅಂತ ತಿಳೀಲಿಲ್ಲ. ಜೀವನದ ಮುಕ್ಕಾಲು ಭಾಗ ಒಬ್ಬರ ದನಿಯನ್ನ ಕಡ ತಂದು ಹಾಡಿದ ಮನುಷ್ಯ. ಕೊಟ್ಟವರೇ ಹೋದ ಮೇಲೆ ಅದನ್ನ ಏನು ಮಾಡೋದು?

ಅಷ್ಟು ಹೊತ್ತಿಗೆ ಮಾವ ನಿವೃತ್ತರಾಗಿದ್ದರು. ಊರೂ ಒಂಥರಾ ನಿವೃತ್ತಿಯ ದಾರಿ ಹಿಡಿದಿತ್ತು. ಕಾಗದದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳಾಗಿದ್ದವು. ಕಬ್ಬಿಣದ ಕಾರ್ಖಾನೆಯನ್ನ ಮುಚ್ಚುತ್ತಾರೆ, ಇಲ್ಲ ಉಳಿಸುತ್ತಾರೆ ಅನ್ನೋ ಮಾತು ಪ್ರತಿ ಚುನಾವಣೆಗೂ ಎದ್ದು ಮಲಗುತ್ತಿತ್ತು. ಸಂಬಳದ ದಿನ ಗಣಪತಿ ಚಂದಾ ಕೊಡುತ್ತಿದ್ದ ಕೈಗಳು ಕಡಿಮೆಯಾದರೆ ಮೊದಲು ಕಡಿತ ಬೀಳೋದು ಆರ್ಕೆಸ್ಟ್ರಾಗೆ. ಏಳೆಂಟು ಜನರ ತಂಡ ನಾಲ್ಕಕ್ಕೆ ಇಳಿಯಿತು. ಕೆಲವು ಕಡೆ ಅದೂ ಇಲ್ಲ, ಪೆನ್‌ಡ್ರೈವ್ ಹಾಕಿ ಟ್ರ್ಯಾಕ್ ಮೇಲೆ ಹಾಡೋದು. ಟ್ರ್ಯಾಕ್‌ನಲ್ಲಿ ಶ್ರುತಿ ತಪ್ಪೋದಿಲ್ಲ, ತಾಳ ತಪ್ಪೋದಿಲ್ಲ, ಖರ್ಚೂ ಕಡಿಮೆ. ಒಂದೇ ತೊಂದರೆ, ಅದು ಯಾರ ಉಸಿರಿಗೂ ಕಾಯೋದಿಲ್ಲ.

2022ರ ಆಗಸ್ಟ್ 11ರ ರಾತ್ರಿ ಸುಬ್ಬಣ್ಣ ಹೋದರು. ಈ ಸಲ ಮಾವನೇ ಫೋನ್ ಮಾಡಿದರು. ಹೆಚ್ಚು ಮಾತಾಡಲಿಲ್ಲ. "ಗಣಪತಿಗೆ ಬರ್ತೀಯಾ?" ಅಂತ ಕೇಳಿದರು. ಎರಡು ವರ್ಷದ ಮೇಲೆ ಓಲ್ಡ್ ಟೌನಿನಲ್ಲಿ ಮತ್ತೆ ಪೆಂಡಾಲ್ ಹಾಕ್ತಿದ್ದಾರೆ, ಹುಡುಗರು ಒಂದೆರಡು ಹಾಡು ಹಾಡಿ ಅಂತ ಕರೆದಿದ್ದಾರೆ ಅಂದ್ರು. ರಜೆ ಹಾಕಿ ಹೋದೆ.

ಸಣ್ಣ ವೇದಿಕೆ, ನಾಲ್ಕು ಜನರ ತಂಡ. ಮಾವ ಮೊದಲು ಎಸ್ಪಿಬಿ ಹಾಡು ಒಂದು ಹೇಳಿದರು. ಧ್ವನಿ ಸ್ವಲ್ಪ ಒಡೆದಿತ್ತು, ಜನ ಚಪ್ಪಾಳೆ ತಟ್ಟಿದರು. ಆಮೇಲೆ ಮೈಕ್ ಹಿಡಿದು, ಮುಂದಿನ ಹಾಡು ಶಿವಮೊಗ್ಗ ಸುಬ್ಬಣ್ಣನವರದ್ದು, ರಚನೆ ಮತ್ತು ಸಂಗೀತ ಚಂದ್ರಶೇಖರ ಕಂಬಾರರದ್ದು ಅಂದರು, ರೇಡಿಯೋದವರ ಹಾಗೇ. ಕೀಬೋರ್ಡಿನವರ ಕಡೆ ತಿರುಗಿ ಎರಡು ಬೆರಳು ಕೆಳಕ್ಕೆ ತೋರಿಸಿದರು, ಎರಡು ಮನೆ ಇಳಿಸು ಅಂತ.

ರಿದಮ್ ಪ್ಯಾಡಿಗೆ ಕೂತಿದ್ದವನು ಇಪ್ಪತ್ತರ ಹುಡುಗ, ಪಾಲಿಟೆಕ್ನಿಕ್ ಓದ್ತಾನಂತೆ. ಆ ಹಾಡು ಅವನು ಮೊದಲು ಕೇಳಿದ್ದು ಅವತ್ತು ಮಧ್ಯಾಹ್ನ, ಮೊಬೈಲಿನಲ್ಲಿ, ಎರಡು ಸಲ. ಹಾಗಂತ ಆಮೇಲೆ ಅವನೇ ಹೇಳಿದ.

ಮಾವ ಸುಬ್ಬಣ್ಣನ ಥರ ಹಾಡಲಿಲ್ಲ. ಎಸ್ಪಿಬಿ ಥರಾನೂ ಹಾಡಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ನಾನು ಅವರ ಸ್ವಂತ ದನಿ ಕೇಳಿದೆ. ಸ್ವಲ್ಪ ಗೊಗ್ಗರು, ನಮ್ಮ ಅಮ್ಮನ ದನಿಗೆ ಹತ್ತಿರ. ಪೆಂಡಾಲಿನಲ್ಲಿ ಅರ್ಧ ಜನರಿಗೆ ಆ ಹಾಡು ಗೊತ್ತಿರಲಿಲ್ಲ. ಗೊತ್ತಿದ್ದವರು, ಹಿಂದೆ ಕುರ್ಚಿಗಳಲ್ಲಿ ಕೂತಿದ್ದ ಕಾರ್ಖಾನೆಯ ಹಳಬರು, ಮಾತು ನಿಲ್ಲಿಸಿದರು. ಎತ್ತರದ ಜಾಗ ಬಂತು. ಮಾವ ನಿಂತರು. ಉಸಿರು ಸಾಲಲಿಲ್ಲ, ಎದೆ ಮೇಲೆ ಕೆಳಗೆ ಆಗ್ತಿದ್ದದ್ದು ನನಗೆ ಕಾಣ್ತಿತ್ತು.

ನಾನು ಆ ಹುಡುಗನ ಕಡೆ ನೋಡಿದೆ. ಅವನ ಕೈ ತನ್ನ ಪಾಡಿಗೆ ತಾನು ಬಾರಿಸುತ್ತಿತ್ತು, ಕಣ್ಣು ಮಾವನ ಕುತ್ತಿಗೆ ಮೇಲಿತ್ತು. ಒಂದು ಆವರ್ತ ಕೊಟ್ಟ. ಸಾಲಲಿಲ್ಲ ಅಂತ ಕಂಡಿತೇನೋ, ಇನ್ನೊಂದು ಕೊಟ್ಟ.

ಮಾವ ಹೋದರು. ಪೂರ್ತಿ ಮುಟ್ಟಲಿಲ್ಲ. ಆದ್ರೆ ಬೀಳಲೂ ಇಲ್ಲ.